ಹನ್ನೊಂದು ದಿನದ ಲೆಕ್ಕ
ನಂಜನಗೂಡು, ತಿ. ನರಸೀಪುರದ ಮನೆಗಳಿಗೆ ಕ್ಯಾಲೆಂಡರ್ ಓದುವ ಬಗೆ

2024ರ ಏಪ್ರಿಲ್ 2ರ ಬೆಳಗ್ಗೆ ನಮ್ಮ ಚಿಕ್ಕಪ್ಪನ ಮಗ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿನಿಂದ ನಂಜನಗೂಡಿಗೆ ಬಂದಿಳಿದ. ಹಿಂದಿನ ವರ್ಷ ಶ್ರೀಕಂಠೇಶ್ವರನ ದೊಡ್ಡ ಜಾತ್ರೆ ನಡೆದದ್ದು ಏಪ್ರಿಲ್ 2ಕ್ಕೆ. ಆ ತಾರೀಖನ್ನೇ ಮನಸ್ಸಿನಲ್ಲಿಟ್ಟುಕೊಂಡು ತಿಂಗಳು ಮುಂಚೆಯೇ ರಜೆ ಹಾಕಿದ್ದ. ರಥಬೀದಿಗೆ ಬಂದರೆ ಜನವೂ ಇಲ್ಲ, ಹಗ್ಗವೂ ಇಲ್ಲ. "ತೇರು ಎಳೆದು ಹನ್ನೊಂದು ದಿನ ಆಯ್ತಲ್ಲಪ್ಪ" ಎಂದು ಹೂ ಮಾರುವ ಅಜ್ಜಿ ಹೇಳಿದಾಗ ಅವನ ಚಿಕ್ಕ ಮಗಳು ಅಳುವುದಕ್ಕೇ ಶುರುಮಾಡಿತು. ಆ ಮಗುವಿನ ಮುಖ ನನಗೆ ಇನ್ನೂ ನೆನಪಿದೆ. ಈ ಲೇಖನ ಬರೆಯುವುದಕ್ಕೆ ಅದೇ ಕಾರಣ.

ಅಜ್ಜಿ ಹೇಳಿದ ಹನ್ನೊಂದು ದಿನ ಆಕಸ್ಮಿಕವಲ್ಲ. ಒಂದು ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆಗೆ ಸರಾಸರಿ 29 ದಿನ, 12 ಗಂಟೆ, 44 ನಿಮಿಷ. ಅಂಥ ಹನ್ನೆರಡು ತಿಂಗಳು ಕೂಡಿದರೆ 354 ದಿನ. ಗೋಡೆಯ ಮೇಲಿನ ಇಂಗ್ಲಿಷ್ ವರ್ಷಕ್ಕೆ 365. ಆದ್ದರಿಂದ ಚಂದ್ರನನ್ನು ನೋಡಿ ನಡೆಯುವ ಹಬ್ಬ, ಜಾತ್ರೆ, ತಿಥಿಗಳೆಲ್ಲ ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತವೆ. ದೊಡ್ಡ ಜಾತ್ರೆ 2023ರಲ್ಲಿ ಏಪ್ರಿಲ್ 2, 2024ರಲ್ಲಿ ಮಾರ್ಚ್ 22. ಸರಿಯಾಗಿ ಹನ್ನೊಂದು.

ಹಾಗಾದರೆ 2025ರಲ್ಲಿ ಮಾರ್ಚ್ 11ಕ್ಕೆ ಆಗಬೇಕಿತ್ತಲ್ಲ? ಆಗಲಿಲ್ಲ. ಏಪ್ರಿಲ್ 9ಕ್ಕೆ ಆಯಿತು, ಹದಿನೆಂಟು ದಿನ ಮುಂದಕ್ಕೆ. ಗುಟ್ಟು ಇಲ್ಲಿದೆ. ಈ ಮೂರು ವರ್ಷವೂ ತೇರಿನ ದಿನ ಸೂರ್ಯ ಮೀನ ರಾಶಿಯಲ್ಲಿದ್ದ, ಚಂದ್ರ ಶುದ್ಧ ದ್ವಾದಶಿ ತ್ರಯೋದಶಿಯ ಹತ್ತಿರ ಇದ್ದ. ಸೂರ್ಯ ಮೀನಕ್ಕೆ ಬರುವುದು ಮಾರ್ಚ್ 14-15ಕ್ಕೆ. ಮಾರ್ಚ್ 11ಕ್ಕೆ ಅವನಿನ್ನೂ ಕುಂಭದಲ್ಲೇ ಇರುತ್ತಾನೆ. ಹಾಗಾಗಿ ಲೆಕ್ಕ ಒಂದು ತಿಂಗಳು ಮುಂದಕ್ಕೆ ಹಾರಿತು. 2024ರ ತೇರು ಯುಗಾದಿಗೆ ಮುಂಚೆ, ಫಾಲ್ಗುಣದಲ್ಲಿ. 2023 ಮತ್ತು 2025ರ ತೇರು ಯುಗಾದಿ ಆದಮೇಲೆ, ಚೈತ್ರದಲ್ಲಿ. "ಜಾತ್ರೆ ಯುಗಾದಿಗೆ ಮುಂಚೆಯೋ ಆಮೇಲೋ" ಎಂದು ನಮ್ಮ ಊರಿನವರೇ ಗೊಂದಲ ಮಾಡಿಕೊಳ್ಳುವುದು ಇದಕ್ಕೇ.

ಈ ಲೆಕ್ಕ ಕೈಯಲ್ಲಿದ್ದರೆ ಅಂದಾಜು ನೀವೇ ಹಾಕಬಹುದು. 2025ರ ಏಪ್ರಿಲ್ 9ರಿಂದ ಹನ್ನೊಂದು ಕಳೆಯಿರಿ: 2026ಕ್ಕೆ ಮಾರ್ಚ್ ತಿಂಗಳ ಕೊನೆ. ಇನ್ನೊಮ್ಮೆ ಕಳೆಯಿರಿ: 2027ಕ್ಕೆ ಮಾರ್ಚ್ 19ರ ಆಸುಪಾಸು, ಆಗಲೂ ಸೂರ್ಯ ಮೀನದಲ್ಲೇ. ಇದು ರಜೆ ಹೊಂದಿಸಿಕೊಳ್ಳಲು, ನೆಂಟರಿಗೆ ಮೊದಲೇ ಹೇಳಿಡಲು ಸಾಕಾಗುವ ಅಂದಾಜು. ಬಸ್ಸು ರೈಲಿನ ಟಿಕೆಟ್ ಮಾತ್ರ ದೇವಸ್ಥಾನದ ಆಹ್ವಾನ ಪತ್ರಿಕೆ ನೋಡಿಯೇ ಮಾಡಿಸಿ.

ನಮ್ಮ ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ಹತ್ತಿರದಿಂದ ನೋಡಿ. ಒಂದು ಚೌಕದಲ್ಲಿ ದೊಡ್ಡ ಅಂಕಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ತಿಥಿ, ಅದು ಮುಗಿಯುವ ಹೊತ್ತು, ನಕ್ಷತ್ರ. ಮೂಲೆಯಲ್ಲಿ ಬೆಳ್ಳಗಿನ ಅಥವಾ ಕಪ್ಪು ದುಂಡು. ಅವುಗಳ ಮೇಲೆ ಬಾಲ್‌ಪೆನ್ನಿನಲ್ಲಿ ನಮ್ಮವ್ವನ ಬರಹ: ಹಾಲು ಒಂದೂವರೆ, ಸಿಲಿಂಡರ್ ಬಂತು, ಸಂಘದ ಕಂತು. ಒಂದೇ ಹಾಳೆಯಲ್ಲಿ ಸೂರ್ಯ, ಚಂದ್ರ, ಸರ್ಕಾರ ಮೂವರೂ ಕೂತಿದ್ದಾರೆ. ಯಾವ ದಿನ ಯಾರ ಮಾತು ಕೇಳುತ್ತದೆ ಎಂದು ತಿಳಿದುಕೊಂಡರೆ ಮುಕ್ಕಾಲು ಪಾಲು ಗೊಂದಲ ಹೋಗುತ್ತದೆ.

ಸೂರ್ಯನ ಮಾತು ಕೇಳುವವು ಅಲ್ಲಾಡುವುದಿಲ್ಲ. ಮಕರ ಸಂಕ್ರಾಂತಿ ಜನವರಿ 14 ಇಲ್ಲವೇ 15. ಮಳೆ ನಕ್ಷತ್ರಗಳೂ ಹಾಗೆಯೇ. ಕ್ಯಾಲೆಂಡರಿನಲ್ಲಿ 'ರೋಹಿಣಿ ಮಳೆ ಆರಂಭ' ಎಂದು ಬರೆದಿರುವುದು ಸೂರ್ಯ ಆ ನಕ್ಷತ್ರಕ್ಕೆ ಕಾಲಿಟ್ಟ ದಿನ. ದಿನದ ಚೌಕದಲ್ಲಿ ಬರೆದಿರುವ ನಕ್ಷತ್ರ ಚಂದ್ರನದು, ಎರಡನ್ನೂ ಬೆರೆಸಬೇಡಿ. ಭರಣಿ ಏಪ್ರಿಲ್ 27ರ ಸುಮಾರಿಗೆ, ಕೃತ್ತಿಕೆ ಮೇ 11, ರೋಹಿಣಿ ಮೇ 25, ಮೃಗಶಿರ ಜೂನ್ 8, ಆರಿದ್ರ ಜೂನ್ 22, ಪುನರ್ವಸು ಜುಲೈ 6, ಪುಷ್ಯ ಜುಲೈ 20, ಆಶ್ಲೇಷ ಆಗಸ್ಟ್ 3, ಮಘೆ ಆಗಸ್ಟ್ 17. ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ವರ್ಷದಿಂದ ವರ್ಷಕ್ಕೆ ಒಂದು ದಿನ ಹೆಚ್ಚು ಕಡಿಮೆ, ಅಷ್ಟೆ. ಬಿತ್ತನೆಗೆ ನಮ್ಮ ಹಿರಿಯರು ಚಂದ್ರನ ತಿಂಗಳನ್ನು ಬಿಟ್ಟು ಇದನ್ನು ಹಿಡಿದದ್ದು ಎಷ್ಟು ಸರಿ ಎಂದು ಯೋಚಿಸಿದಾಗಲೆಲ್ಲ ಅವರ ಮೇಲಿನ ಗೌರವ ಹೆಚ್ಚುತ್ತದೆ. ಜ್ಯೇಷ್ಠ ಮಾಸ ಒಂದು ವರ್ಷ ಮೇ ಕೊನೆಗೆ ಶುರುವಾದರೆ ಇನ್ನೊಂದು ವರ್ಷ ಜೂನ್ ಮಧ್ಯಕ್ಕೆ. ರೋಹಿಣಿ ಮಳೆ ಮಾತ್ರ ಯಾವತ್ತೂ ರೋಹಿಣಿ ಮಳೆಯ ಕಾಲಕ್ಕೇ.

'ಆಶ್ಲೇಷ ಮಳೆ, ಈಸಲಾರದ ಹೊಳೆ' ಎನ್ನುವ ಗಾದೆ ಕಪಿಲೆಯ ದಂಡೆಯವರಿಗೆ ಬೇರೆ ಯಾರೂ ವಿವರಿಸಬೇಕಾಗಿಲ್ಲ. ವಯನಾಡಿನಲ್ಲಿ ಮಳೆ ಹೊಡೆದು ಬೀಚನಹಳ್ಳಿಯ ಕಬಿನಿ ಅಣೆಕಟ್ಟಿನಿಂದ ನೀರು ಬಿಟ್ಟರೆ ನಂಜನಗೂಡಿನ ಹದಿನಾರು ಕಾಲಿನ ಮಂಟಪ ಮುಳುಗುವುದು ಈ ದಿನಗಳಲ್ಲೇ. 2018 ಮತ್ತು 2019ರ ಆಗಸ್ಟ್ ನಾವು ಮರೆತಿಲ್ಲ. ಆಷಾಢದ ಕೊನೆಯ ಭೀಮನ ಅಮಾವಾಸ್ಯೆಯೂ ಬರುವುದು ಇದರ ಆಸುಪಾಸಿನಲ್ಲೇ. 2026ರಲ್ಲಿ ಆಗಸ್ಟ್ 12, ಆಶ್ಲೇಷ ಮಳೆಯ ನಡುಮಧ್ಯೆ. ಅಂದು ಹೊಳೆಗೆ ಹೋಗುವವರು ಅಮಾವಾಸ್ಯೆಯ ಹೊತ್ತನ್ನು ನೋಡುವ ಮುಂಚೆ ಅಣೆಕಟ್ಟಿನ ಹೊರಹರಿವು ಎಷ್ಟಿದೆ ಎಂದು ಪತ್ರಿಕೆಯಲ್ಲಿ ನೋಡಿ. ಸ್ನಾನಘಟ್ಟದ ಮೆಟ್ಟಿಲು ಕಾಣದಿದ್ದರೆ ಚೊಂಬಿನಲ್ಲಿ ತಲೆಗೆ ನೀರು ಹಾಕಿಕೊಂಡು ಹಿಂದಿರುಗಿ. ಪುಣ್ಯಕ್ಕೆ ಕೊರತೆಯಾಗುವುದಿಲ್ಲ.

ಚಂದ್ರನ ಮಾತು ಕೇಳುವವು ಹೆಚ್ಚು, ಕಷ್ಟವೂ ಹೆಚ್ಚು. ಮೊದಲು ತಿಥಿ ಎಂದರೇನು ಎನ್ನುವುದು ಗಟ್ಟಿಯಾಗಬೇಕು. ತಿಥಿ ದಿನವಲ್ಲ. ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿಯಲು ಹಿಡಿಯುವ ಕಾಲ ಒಂದು ತಿಥಿ. ಚಂದ್ರನ ಓಟ ಒಂದೇ ಸಮನಾಗಿಲ್ಲ. ಹಾಗಾಗಿ ಒಂದು ತಿಥಿ 19 ಗಂಟೆಯೂ ಆಗಬಹುದು, 26 ಗಂಟೆಗೂ ಮೀರಬಹುದು. ಅದು ಮಧ್ಯಾಹ್ನಕ್ಕೂ ಶುರುವಾಗುತ್ತದೆ, ಬೆಳಗಿನ ಜಾವ ಮೂರಕ್ಕೂ ಮುಗಿಯುತ್ತದೆ. ಸೂರ್ಯ ಹುಟ್ಟುವಾಗ ಯಾವ ತಿಥಿ ಇರುತ್ತದೋ ಅದರ ಹೆಸರನ್ನು ಇಡೀ ದಿನಕ್ಕೆ ಕ್ಯಾಲೆಂಡರಿನವರು ಕೊಟ್ಟಿರುತ್ತಾರೆ. ಪಕ್ಕದ ಗಂಟೆ ನಿಮಿಷ ಅದು ಮುಗಿಯುವ ಹೊತ್ತು, ಶುರುವಾಗುವ ಹೊತ್ತಲ್ಲ. ಬಹಳ ಜನ ಎಡವುವುದು ಇಲ್ಲೇ. ಶುರು ತಿಳಿಯಬೇಕಾದರೆ ಹಿಂದಿನ ದಿನದ ಚೌಕ ನೋಡಬೇಕು. ಕೆಲವು ಕ್ಯಾಲೆಂಡರುಗಳಲ್ಲಿ 28-10 ಎಂಬಂಥ ಅಂಕಿ ಇರುತ್ತದೆ. ಅಚ್ಚಿನ ತಪ್ಪಲ್ಲ, 24 ಕಳೆದರೆ ಮಾರನೆಯ ಬೆಳಗಿನ ಜಾವ 4-10. ಪಂಚಾಂಗದಲ್ಲಿ ಘಟಿ ವಿಘಟಿ ಕೊಟ್ಟಿದ್ದರೆ ಸೂರ್ಯೋದಯದಿಂದ ಎಣಿಸಬೇಕು, ಒಂದು ಘಟಿಗೆ 24 ನಿಮಿಷ.

2026ರ ಯುಗಾದಿ ಇದಕ್ಕೆ ಒಳ್ಳೆಯ ಪಾಠ. ಹಬ್ಬ ಮಾರ್ಚ್ 19, ಗುರುವಾರ. ಮೈಸೂರಿನ ಕಡೆ ಅಂದು ಸೂರ್ಯ ಹುಟ್ಟುವುದು ಬೆಳಗ್ಗೆ ಆರೂವರೆಯ ಹೊತ್ತಿಗೆ. ಆದರೆ ಅಮಾವಾಸ್ಯೆ ಮುಗಿಯುವುದು 6-50ರ ಮೇಲೆ. ಪಾಡ್ಯ ಆಗ ಬಂದು, ಮಾರನೆಯ ದಿನ ಸೂರ್ಯ ಹುಟ್ಟುವ ಮುಂಚೆಯೇ, ಬೆಳಗಿನ ಜಾವ ಐದಕ್ಕೆ ಮೊದಲೇ ಹೊರಟುಹೋಗುತ್ತದೆ. ಯಾವ ಸೂರ್ಯೋದಯವೂ ಅದಕ್ಕೆ ಸಿಗುವುದಿಲ್ಲ. ಅದನ್ನೇ ಕ್ಷಯತಿಥಿ ಎನ್ನುವುದು. ಬರಿಯ ಸೂರ್ಯೋದಯ ಹಿಡಿದು ಕೂತರೆ ಆ ವರ್ಷ ಯುಗಾದಿಯೇ ಇಲ್ಲ ಎನ್ನಬೇಕಾಗುತ್ತದೆ. ಅದಕ್ಕೆ ಶಾಸ್ತ್ರ ಬೇರೆ ದಾರಿ ಕೊಟ್ಟು, ಪಾಡ್ಯ ಇರುವ 19ರಂದೇ ಹಬ್ಬ ಎಂದಿತು.

ಎಲ್ಲ ಹಬ್ಬಕ್ಕೂ ಸೂರ್ಯೋದಯವೇ ಅಳತೆಗೋಲಲ್ಲ. ಶಿವರಾತ್ರಿಗೆ ನಡುರಾತ್ರಿ ಚತುರ್ದಶಿ ಇರಬೇಕು. ಗಣೇಶನ ಚೌತಿಗೆ ನಡುಹಗಲು. ಸಂಕಷ್ಟಿಗೆ ಚಂದ್ರ ಹುಟ್ಟುವ ಹೊತ್ತು. ದೀಪಾವಳಿಯ ಲಕ್ಷ್ಮೀಪೂಜೆಗೆ ಮುಸ್ಸಂಜೆ. ಹಿರಿಯರ ತಿಥಿಗೆ ಅಪರಾಹ್ನ. 2026ರ ಫೆಬ್ರವರಿ 15ರ ಚೌಕದಲ್ಲಿ ನೋಡಿ: ಬೆಳಗ್ಗೆ ತ್ರಯೋದಶಿ, ಚತುರ್ದಶಿ ಬರುವುದು ಸಂಜೆ ಐದರ ಮೇಲೆ. 16ರ ಬೆಳಗ್ಗೆ ಚತುರ್ದಶಿ ಇದೆ, ಸಂಜೆಗೆ ಹೋಗುತ್ತದೆ. ನಡುರಾತ್ರಿಯ ಚತುರ್ದಶಿ ಸಿಗುವುದು 15ಕ್ಕೇ, ಹಾಗಾಗಿ ನಂಜುಂಡನ ಜಾಗರಣೆ ಅಂದೇ.

ಹಿರಿಯರ ತಿಥಿಯ ವಿಷಯ ಸ್ವಲ್ಪ ಹೆಚ್ಚು ಹೇಳಬೇಕು. ನಮ್ಮ ತಾತ ತೀರಿಕೊಂಡ ಇಂಗ್ಲಿಷ್ ತಾರೀಖು ಮಾತ್ರ ಡೈರಿಯಲ್ಲಿತ್ತು, ಹೊತ್ತು ಯಾರಿಗೂ ನೆನಪಿರಲಿಲ್ಲ. ಆ ದಿನ ತಿಥಿ ಬದಲಾದದ್ದು ಮಧ್ಯಾಹ್ನ. ಬೆಳಗ್ಗೆ ಹೋದರೋ ಸಂಜೆ ಹೋದರೋ ಎಂದು ಅತ್ತೆಯರನ್ನೆಲ್ಲ ಕೇಳಿ, ಕೊನೆಗೆ "ಸಂತೆಯಿಂದ ಬಂದ ಮೇಲೆ" ಎಂಬ ಒಂದು ಮಾತಿನಿಂದ ಗೊತ್ತುಮಾಡಿಕೊಂಡೆವು. ದಯವಿಟ್ಟು ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ಹುಟ್ಟು, ಸಾವು ಎರಡಕ್ಕೂ ಸಂವತ್ಸರ, ಮಾಸ, ಪಕ್ಷ, ತಿಥಿ, ನಕ್ಷತ್ರ, ಜತೆಗೆ ಗಡಿಯಾರದ ಹೊತ್ತು ಬರೆದಿಡಿ. ಅಧಿಕ ಮಾಸವಾಗಿದ್ದರೆ ಅದನ್ನೂ.

ಅಧಿಕ ಮಾಸ ಎಂದೆನಲ್ಲ. ವರ್ಷಕ್ಕೆ ಹನ್ನೊಂದು ದಿನ ಸರಿಯುತ್ತಾ ಹೋದರೆ ಯುಗಾದಿ ಚಳಿಗಾಲಕ್ಕೆ ಬಂದುಬಿಡುತ್ತದೆ. ಬರದಂತೆ ತಡೆಯಲು ಸುಮಾರು ಮೂವತ್ತೆರಡೂವರೆ ತಿಂಗಳಿಗೊಮ್ಮೆ ಒಂದು ತಿಂಗಳು ಹೆಚ್ಚು ಸೇರಿಸುತ್ತಾರೆ. ಯಾವುದನ್ನು? ಎರಡು ಅಮಾವಾಸ್ಯೆಗಳ ನಡುವೆ ಸೂರ್ಯ ರಾಶಿ ಬದಲಿಸದ ತಿಂಗಳನ್ನು. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು. 2026ರಲ್ಲಿ ಅಧಿಕ ಜ್ಯೇಷ್ಠ, ಮೇ 17ರಿಂದ ಜೂನ್ 15ರವರೆಗೆ. ಜೂನ್ 15ರ ಬೆಳಗ್ಗೆ ಎಂಟರ ಮೇಲೆ ಅಮಾವಾಸ್ಯೆ ಮುಗಿಯುತ್ತದೆ, ಸೂರ್ಯ ಮಿಥುನಕ್ಕೆ ಬರುವುದು ಅದೇ ಮಧ್ಯಾಹ್ನ. ಕೆಲವೇ ಗಂಟೆ ಮುಂಚೆ ಬಂದಿದ್ದರೆ ಈ ತಿಂಗಳು ಅಧಿಕವಾಗುತ್ತಿರಲಿಲ್ಲ! ಮದುವೆ, ಗೃಹಪ್ರವೇಶಕ್ಕೆ ಛತ್ರ ಹಿಡಿಯುವವರು ಈ ತಿಂಗಳನ್ನು ಮೊದಲೇ ಕೆಂಪು ಗೆರೆಯಿಂದ ಸುತ್ತಿಡಿ. ಅಧಿಕ ಮಾಸ ಆದಮೇಲೆ ಬರುವ ಕಾರ ಹುಣ್ಣಿಮೆ, ಗೌರಿ ಗಣೇಶ, ದಸರಾ ಎಲ್ಲವೂ ಹಿಂದಿನ ವರ್ಷಕ್ಕಿಂತ ಹದಿನೆಂಟು ಹತ್ತೊಂಬತ್ತು ದಿನ ತಡ. 2026ರ ಗಣೇಶನ ಹಬ್ಬ ಸೆಪ್ಟೆಂಬರ್ 14ಕ್ಕೆ ಬರುವುದು ಹಾಗೆ.

ಚೀನಾದವರ ಕ್ಯಾಲೆಂಡರೂ ನಮ್ಮದರ ಸೋದರ ಸಂಬಂಧಿ. ಅವರದೂ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ತಿಂಗಳು, ಅವರಿಗೂ ಅಧಿಕ ಮಾಸ ಇದೆ. ಒಂದು ವ್ಯತ್ಯಾಸ: ಅಮಾವಾಸ್ಯೆಯ ದಿನವೇ ಅವರಿಗೆ ತಿಂಗಳ ಮೊದಲ ದಿನ, ನಮಗೆ ಅದು ತಿಂಗಳ ಕೊನೆ. 2025ರ ಜನವರಿ 29ಕ್ಕೆ ಅವರ ಹೊಸ ವರ್ಷ ಬಂತು. ನಮಗೆ ಅಂದು ಪುಷ್ಯದ ಅಮಾವಾಸ್ಯೆ, ಸುತ್ತೂರಿನಲ್ಲಿ ಜಾತ್ರೆ ನಡೆಯುತ್ತಿತ್ತು. 2026ರಲ್ಲಿ ಅವರ ಹೊಸ ವರ್ಷ ಫೆಬ್ರವರಿ 17, ನಮಗೆ ಶಿವರಾತ್ರಿ ಕಳೆದ ಅಮಾವಾಸ್ಯೆ. ಸೂರ್ಯನ ರಾಶಿಯನ್ನು ಅವರು ವಿಷುವದಿಂದ ಅಳೆಯುತ್ತಾರೆ, ನಾವು ನಕ್ಷತ್ರಗಳಿಂದ. ಅದರಿಂದ ಅವರ ಅಧಿಕ ಮಾಸ 2025ರಲ್ಲೇ ಬಂದುಹೋಯಿತು, ನಮ್ಮದು 2026ಕ್ಕೆ. ಮೈಸೂರು ಜಿಲ್ಲೆಯಲ್ಲೇ ಇಂಥ ಇನ್ನೊಂದು ಚಾಂದ್ರ ಹೊಸ ವರ್ಷ ನೋಡಬೇಕಾದರೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯ ಟಿಬೆಟನ್ನರ ಲೋಸಾರ್‌ಗೆ ಹೋಗಿ.

ಸುತ್ತೂರಿನ ಹೆಸರು ಬಂತು. ನಂಜನಗೂಡು ತಾಲ್ಲೂಕಿನ ಆ ಜಾತ್ರೆ ಪುಷ್ಯ ಬಹುಳ ದ್ವಾದಶಿಯಿಂದ ಮಾಘ ಶುದ್ಧ ಬಿದಿಗೆಯವರೆಗೆ, ಅಮಾವಾಸ್ಯೆಯನ್ನು ನಡುವೆ ಇಟ್ಟುಕೊಂಡು ಆರು ದಿನ. 2025ರಲ್ಲಿ ಜನವರಿ 26ರಿಂದ 31. ಪುಷ್ಯದ ಅಮಾವಾಸ್ಯೆ ಎಂದಿಗೆ ಎಂದು ನೋಡಿದರೆ ಜಾತ್ರೆ ಸಿಕ್ಕಿತು.

ತಿ. ನರಸೀಪುರದ ಕುಂಭಮೇಳ ಇದಕ್ಕಿಂತ ಸುಲಭ. ಕಾವೇರಿ, ಕಪಿಲೆ ಕೂಡುವಲ್ಲಿ, ಗುಪ್ತವಾಗಿ ಸ್ಫಟಿಕ ಸರೋವರವೂ ಸೇರುತ್ತದೆ ಎಂದು ನಂಬುವ ತ್ರಿವೇಣಿ ಸಂಗಮದಲ್ಲಿ, ಒಂದು ದಡದಲ್ಲಿ ಗುಂಜಾ ನರಸಿಂಹಸ್ವಾಮಿ, ಇನ್ನೊಂದೆಡೆ ಅಗಸ್ತ್ಯೇಶ್ವರ. 1989ರಲ್ಲಿ ಶುರುವಾದ ಮೇಳ ಮೂರು ವರ್ಷಕ್ಕೊಮ್ಮೆ ಎಂಬ ಲೆಕ್ಕದ್ದು. ಮುಖ್ಯ ಸ್ನಾನ ಮಾಘದ ಹುಣ್ಣಿಮೆಗೆ: 2016ರಲ್ಲಿ ಫೆಬ್ರವರಿ 22, 2019ರಲ್ಲಿ ಫೆಬ್ರವರಿ 19, 2025ರಲ್ಲಿ ಫೆಬ್ರವರಿ 12. ಮೇಳವಿಲ್ಲದ ವರ್ಷವೂ ಮಾಘ ಹುಣ್ಣಿಮೆಗೆ ಸಂಗಮದಲ್ಲಿ ಮುಳುಗಬಹುದು, ನೂಕುನುಗ್ಗಲಿಲ್ಲದೆ. ನಾನಂತೂ ಅದನ್ನೇ ಇಷ್ಟಪಡುತ್ತೇನೆ. ಮಾಘ ಹುಣ್ಣಿಮೆ 2024ರಲ್ಲಿ ಫೆಬ್ರವರಿ 24, 2025ರಲ್ಲಿ 12, 2026ರಲ್ಲಿ 1. ಮತ್ತೆ ಹನ್ನೊಂದು ಹನ್ನೆರಡು ದಿನದ ಹೆಜ್ಜೆ.

ಅದೇ ತಾಲ್ಲೂಕಿನ ತಲಕಾಡಿನ ಪಂಚಲಿಂಗ ದರ್ಶನ ಮಾತ್ರ ಹೀಗೆ ಬೆರಳು ಮಡಿಸಿ ಎಣಿಸಲು ಬರುವುದಿಲ್ಲ. ವೈದ್ಯನಾಥೇಶ್ವರ, ಪಾತಾಳೇಶ್ವರ, ಮರುಳೇಶ್ವರ, ವಿಜಯಾಪುರದ ಅರ್ಕೇಶ್ವರ, ಮುಡುಕುತೊರೆಯ ಮಲ್ಲಿಕಾರ್ಜುನ, ಐದನ್ನೂ ಒಂದೇ ದಿನ ನೋಡುವ ಯೋಗ ಅದು. ಕಾರ್ತಿಕ ಮಾಸ, ಸೋಮವಾರ, ಅಮಾವಾಸ್ಯೆ, ಹೇಳಿದ ನಕ್ಷತ್ರ, ಎಲ್ಲವೂ ಕೂಡಿಬರಬೇಕು. 2006ರ ನವೆಂಬರ್ 20, 2009ರ ನವೆಂಬರ್ 16, 2013ರ ಡಿಸೆಂಬರ್ 2, 2020ರ ಡಿಸೆಂಬರ್ 14. ಮೂರು ವರ್ಷ, ನಾಲ್ಕು ವರ್ಷ, ಏಳು ವರ್ಷ. ವಾರ ಮತ್ತು ತಿಥಿ ಎರಡೂ ಬೇರೆ ಬೇರೆ ಚಕ್ರ. ಅವು ಒಂದರ ಮೇಲೊಂದು ಕೂರುವ ದಿನವನ್ನು ಪಂಚಾಂಗದವರೇ ಹೇಳಬೇಕು. 'ಹನ್ನೆರಡು ವರ್ಷಕ್ಕೊಮ್ಮೆ' ಎಂದು ಯಾರಾದರೂ ಹೇಳಿದರೆ ಈ ನಾಲ್ಕು ತಾರೀಖು ತೋರಿಸಿ.

ಕ್ಯಾಲೆಂಡರಿನ ಕಪ್ಪು ಬಿಳಿ ದುಂಡು ಸರಿಯೋ ತಪ್ಪೋ ಎಂದು ಮಹಡಿ ಹತ್ತಿದರೆ ಮಕ್ಕಳಿಗೇ ಗೊತ್ತಾಗುತ್ತದೆ. ಸೂರ್ಯ ಮುಳುಗುವ ಹೊತ್ತಿಗೆ ಪಡುವಣದಲ್ಲಿ ಸಣ್ಣ ಗೆರೆ ಕಂಡರೆ ಶುದ್ಧ ಬಿದಿಗೆ, ತದಿಗೆ. ಅದೇ ಹೊತ್ತಿಗೆ ಅರ್ಧಚಂದ್ರ ನೆತ್ತಿಯ ಮೇಲಿದ್ದರೆ ಅಷ್ಟಮಿ. ಸೂರ್ಯ ಅತ್ತ ಇಳಿಯುವಾಗ ಇತ್ತ ಮೂಡಣದಲ್ಲಿ ದುಂಡಗೆ ಏಳುತ್ತಿದ್ದರೆ ಹುಣ್ಣಿಮೆ. ಆಮೇಲೆ ದಿನಕ್ಕೆ ಸುಮಾರು ಐವತ್ತು ನಿಮಿಷ ತಡ. ಸಂಕಷ್ಟಿಯ ದಿನ ಚಂದ್ರನಿಗಾಗಿ ರಾತ್ರಿ ಒಂಬತ್ತರವರೆಗೆ ಹಸಿದು ಕಾಯಬೇಕಾಗುವುದು ಇದಕ್ಕೇ. ಜಾತ್ರೆಗೆ ರಾತ್ರಿ ನಡೆದು ಹೋಗುವ ಕಾಲದಲ್ಲಿ ಬೆಳದಿಂಗಳು ಎಷ್ಟು ಹೊತ್ತಿಗೆ ಬರುತ್ತದೆ ಎನ್ನುವುದು ಜೀವದ ಪ್ರಶ್ನೆಯಾಗಿತ್ತು.

ಇನ್ನು ಸರ್ಕಾರದ ರಜೆ. ಗಣರಾಜ್ಯೋತ್ಸವ, ಮೇ ದಿನ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ಕನ್ನಡ ರಾಜ್ಯೋತ್ಸವ, ಕ್ರಿಸ್‌ಮಸ್ ತಾರೀಖು ಕದಲುವುದಿಲ್ಲ. ಹಬ್ಬದ ರಜೆ ಕದಲುತ್ತದೆ. ಭಾನುವಾರ, ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬಿದ್ದ ಹಬ್ಬಕ್ಕೆ ಬೇರೆ ರಜೆ ಸಿಗುವುದಿಲ್ಲ. 2026ರಲ್ಲಿ ಶಿವರಾತ್ರಿ, ರಾಜ್ಯೋತ್ಸವ, ನರಕ ಚತುರ್ದಶಿ ಮೂರೂ ಭಾನುವಾರ. ಮಹಾಲಯ ಅಮಾವಾಸ್ಯೆ ಅಕ್ಟೋಬರ್ 10, ಎರಡನೆಯ ಶನಿವಾರ. ನೌಕರರು ರಜೆ ಎಣಿಸುವ ಮುಂಚೆ ಇದನ್ನು ನೋಡಿಕೊಳ್ಳಿ. ಪರಿಮಿತ ರಜೆಯ ಪಟ್ಟಿ ಬೇರೆಯೇ ಇರುತ್ತದೆ, ಬ್ಯಾಂಕಿನದು ಇನ್ನೊಂದು. ರಂಜಾನ್, ಬಕ್ರೀದ್ ಹಿಜರಿ ತಿಂಗಳಿನವು. ಅಲ್ಲಿ ಅಧಿಕ ಮಾಸವಿಲ್ಲ, ಹನ್ನೊಂದು ದಿನ ಸರಿಯುತ್ತಲೇ ಹೋಗಿ ಸುಮಾರು 33 ವರ್ಷಕ್ಕೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತವೆ. ಚಂದ್ರ ಕಂಡಮೇಲೇ ಹಬ್ಬ ಖಚಿತವಾಗುವುದರಿಂದ ಮುದ್ರಿತ ತಾರೀಖು ಒಂದು ದಿನ ಆಚೀಚೆ ಆಗಬಹುದು. ನೆರೆಮನೆಯವರನ್ನು ಕೇಳಿದರೆ ಸರಿಯಾಗಿ ಹೇಳುತ್ತಾರೆ.

ಯಾವ ಕ್ಯಾಲೆಂಡರ್ ಕೊಳ್ಳಬೇಕು? ದೊಡ್ಡ ಅಕ್ಷರದ, ಬರೆಯಲು ಚೌಕದಲ್ಲಿ ಜಾಗ ಇರುವ ಯಾವುದಾದರೂ ಆದೀತು. ಜತೆಗೆ ಒಂದು ಪಂಚಾಂಗ ಬೇಕೇ ಬೇಕು. ನಮ್ಮ ಕಡೆ ಒಂಟಿಕೊಪ್ಪಲ್ ಪಂಚಾಂಗ ಮನೆಮಾತು. ಕ್ಯಾಲೆಂಡರ್ ಜನವರಿಯಿಂದ, ಪಂಚಾಂಗ ಯುಗಾದಿಯಿಂದ. ಹಾಗಾಗಿ ಹಳೆಯ ಪಂಚಾಂಗವನ್ನು ಡಿಸೆಂಬರಿನಲ್ಲೇ ಗುಜರಿಗೆ ಹಾಕಬೇಡಿ, ಶಿವರಾತ್ರಿ, ಸುತ್ತೂರು ಜಾತ್ರೆ, ಮಾಘ ಹುಣ್ಣಿಮೆ ಅದರಲ್ಲೇ ಇವೆ. ಮೊಬೈಲ್ ಆ್ಯಪ್ ನೋಡುವವರು ಊರು 'ಮೈಸೂರು' ಎಂದು ಹಾಕಿ. ದೆಹಲಿಯೋ ಉಜ್ಜಯಿನಿಯೋ ಇದ್ದರೆ ಸೂರ್ಯೋದಯ ತಪ್ಪಿ, ರಾಹುಕಾಲವೂ ತಪ್ಪುತ್ತದೆ. ಮಾಸ 'ಅಮಾಂತ' ಎಂದಿರಲಿ. ಉತ್ತರದವರಿಗೆ ಹುಣ್ಣಿಮೆಗೆ ತಿಂಗಳು ಮುಗಿಯುವುದರಿಂದ ನಮ್ಮ ಮಾಘದ ಶಿವರಾತ್ರಿ ಅವರ ಲೆಕ್ಕದಲ್ಲಿ ಫಾಲ್ಗುಣ. ತಿಂಗಳ ಹೆಸರು ಬೇರೆ, ರಾತ್ರಿ ಒಂದೇ.

ಚಿಕ್ಕಪ್ಪನ ಮಗ 2025ಕ್ಕೆ ತಪ್ಪಲಿಲ್ಲ. ಏಪ್ರಿಲ್ 9ರ ಬೆಳಗಿನ ಜಾವ ನಾವೆಲ್ಲ ರಥಬೀದಿಯಲ್ಲಿದ್ದೆವು. ಹಿಂದಿನ ವರ್ಷ ಅತ್ತಿದ್ದ ಮಗು ಅವನ ಹೆಗಲ ಮೇಲೆ ಕೂತು, ಗಣಪತಿಯ ತೇರು ಹೊರಟು ಗೌತಮ ರಥ ಅಲ್ಲಾಡುವ ಹೊತ್ತಿಗೆ ಕೈಯಲ್ಲಿದ್ದ ಬಾಳೆಹಣ್ಣು ಎಸೆಯಲು ಕಾಯುತ್ತಿತ್ತು.